ನಾಲ್ಕನೆಯ ಸೀಟು

ಐದು ಐವತ್ಮೂರರ ಬದ್ಲಾಪುರ ಫಾಸ್ಟ್.
ಹೆಂಗಸರ ಡಬ್ಬಿಯಲ್ಲಿ ಮೂವರ ಬೆಂಚಿಗೆ ನಾಲ್ವರು
ಎಂಬುದು ಎಲ್ಲೂ ಬರೆದಿಡದ ಕಾಯಿದೆ.
ನಾನು ಕೂತ ಬೆಂಚಿಗೆ ಮಾತ್ರ ಅದರಿಂದ ವಿನಾಯಿತಿ.
'ಸರ್ಕೋ' ಅನ್ನಲು ಬಂದವಳು
ನನ್ನ ಸೊಂಟ ನೋಡಿ, ಮಾತು ನುಂಗಿ,
ಮುಂದಿನ ಬೆಂಚಿಗೆ ಹೋಗುತ್ತಿದ್ದಳು.

ಹಗಲೆಲ್ಲ ಫೋರ್ಟಿನ ಬ್ಯಾಂಕಿನಲ್ಲಿ ನೋಟು ಎಣಿಸಿ
ಸಂಜೆ ನನ್ನನ್ನೇ ನಾನು ಎಣಿಸಿಕೊಳ್ಳುತ್ತಿದ್ದೆ.
ಮಾರಿ ಬಿಸ್ಕೀಟು ಒಂದಕ್ಕೆ ಇಪ್ಪತ್ತೆರಡು,
ಸಕ್ಕರೆಯಿಲ್ಲದ ಚಹಾ ಮೂವತ್ತು,
ಡಯಟ್ ಚಿವ್ಡಾದ ಪುಟ್ಟ ಪೊಟ್ಟಣ ನೂರಕ್ಕೆ ಒಂದು ಕಮ್ಮಿ;
ಆ ಒಂದು ಕಮ್ಮಿಗೆ ಮರುಳಾಗಿ ಎರಡು ಪೊಟ್ಟಣ.
ರಾತ್ರಿ ಲೆಕ್ಕ ಕೂಡಿತೆಂದು ಮೊಬೈಲು ಹಸಿರು ತೋರಿದರೂ
ಹೊಟ್ಟೆ,
ಕೌಂಟರ್ ಮುಚ್ಚಿದ ಮೇಲೆ ಬಂದ ಗಿರಾಕಿಯ ಹಾಗೆ,
ಬಡಿಯುತ್ತಲೇ ಇರುತ್ತಿತ್ತು ಕದ.

ಎದುರಿನ ಕಿಟಕಿಗೆ ಕುಂದಾ ಪ್ರಧಾನ್, ಮಂತ್ರಾಲಯದವಳು
(ರಾಯರದಲ್ಲ, ಸರ್ಕಾರದ್ದು).
ಭಾಯಖಳಾ ದಾಟಿದೊಡನೆ ಮಡಿಲಿಗೆ ಪೇಪರು ಹಾಸಿ
ಮೊಳಕೆ ಬಂದ ವಾಲು ಸುರಿದು
ಸಿಪ್ಪೆ ಬಿಡಿಸುವುದು ಅವಳ ನಿತ್ಯ.
'ಅಯ್ಯೋ, ಹಿತಕಿದ ಅವರೆ!' ಅಂದೆ ಒಂದು ದಿನ
ಬಾಯಿ ತಪ್ಪಿ, ಕನ್ನಡದಲ್ಲೇ.
ಏನು ಕೇಳಿಸಿತೋ ಅವಳಿಗೆ,
ಒಂದು ಮುಷ್ಟಿ ನನ್ನ ಮಡಿಲಿಗೂ ಸುರಿದಳು.

ಚಿಂತಾಮಣಿ ಬಿಟ್ಟು ಇಪ್ಪತ್ತಾರು ವರ್ಷ.
ಬೆರಳು ಮರೆತಿರಲಿಲ್ಲ.
ಹಿತಕಿದರೆ ಪುಳಕ್ಕನೆ ಹಾರುವ ಕಾಳು,
ಒಂದು ಹೋಗಿ ಫಿಲೋಮಿನಾಳ ಕನ್ನಡಕಕ್ಕೆ ಬಡಿದು
ಇಡೀ ಡಬ್ಬಿಯೇ ನಕ್ಕಿತು.
ಮೂವರೂ ಸೇರಿ ಠಾಣೆಯವರೆಗೆ ಸುಲಿದರೂ
ತುಂಬಿದ್ದು ಒಂದೇ ಬಟ್ಟಲು.

ಅಂದು ರಾತ್ರಿ ಮೊಬೈಲಿಗೆ ಹೇಳಿದೆ:
ವಾಲು, ರೈಲಿನಲ್ಲಿ ಸುಲಿದದ್ದು, ಒಂದು ಬಟ್ಟಲು.
'ನೀವು ಹುಡುಕುತ್ತಿರುವುದು ಇದನ್ನೇ?' ಎಂದು
ವಾಲ್‌ನಟ್ ಕೇಕು ತೋರಿಸಿತು.

ಬಿಟ್ಟೆ.
ವ್ರತ ಬಿಟ್ಟ ಹಾಗಲ್ಲ,
ಕಚ್ಚುವ ಚಪ್ಪಲಿ ಬಾಗಿಲಾಚೆ ಬಿಟ್ಟ ಹಾಗೆ.

ಡೊಂಬಿವಲಿಯ ಸೇತುವೆ ಇಳಿದರೆ
ಗೋಣಿ ಹಾಸಿ ಕೂತ ಹೆಂಗಸರು:
ಟಾಕಳಾ, ಕುರ್ಡು,
ಅವರಿಗೂ ಹೆಸರು ಗೊತ್ತಿಲ್ಲದ ಇನ್ನೊಂದು ಸೊಪ್ಪು.
ಹಿಂಬದಿಯಲ್ಲಿ ಸಣ್ಣಕ್ಷರವಿಲ್ಲ,
ಬೇರಿಗಂಟಿದ ಮಣ್ಣು ಮಾತ್ರ.
ನಾಚಣಿ ಅಂತ ಕೊಂಡು ಮನೆಗೆ ಬಂದು
ರಾಗಿ ಅಂತ ಡಬ್ಬಕ್ಕೆ ತುಂಬಿದೆ.
ಪಕ್ಕದ ಸಾವಂತ ಕಾಕೂ ಮುದ್ದೆ ಕಂಡು
'ಇಷ್ಟು ದೊಡ್ಡ ಲಾಡೂನಾ!' ಎಂದು ಕಚ್ಚಿ
ಅಗಿದರು, ಅಗಿದರು,
ಹಲ್ಲಿನ ಡಾಕ್ಟರ ನಂಬರು ಕೇಳುವ ಮುಖ ಮಾಡಿದರು.
ನುಂಗಬೇಕು ಕಾಕೂ, ಮಾತು ನುಂಗುವ ಹಾಗೆ.

ಸೊಪ್ಪಿನ ಸಾರಲ್ಲಿ ಒಂದು ಮುದ್ದೆ ಮುಗಿಯಿತು.
ಇನ್ನೊಂದನ್ನು ಮುರಿದಿಟ್ಟೆ; ಅರ್ಧ ಹಾಗೇ ಉಳಿಯಿತು.
ಉಳಿಯಿತು!
ನಲವತ್ತೊಂಬತ್ತು ವರ್ಷಕ್ಕೆ ಮೊದಲ ಸಲ
ಯಾರೂ ಬೇಡವೆನ್ನದೆ
ಕೈ ತಾನೇ ತಟ್ಟೆಯಿಂದ ಎದ್ದಿತು.

ಗಣಪತಿಗೆ ಮೋದಕ ತಿಂದೆ, ಎಷ್ಟೆಂದು ಕೇಳಬೇಡಿ.
ವಡಾಪಾವಿನ ಎಣ್ಣೆ ಕಾಯುವ ಘಮಕ್ಕೆ
ಇಂದಿಗೂ ಕಾಲು ನಿಧಾನವಾಗುತ್ತದೆ,
ಸುಳ್ಳೇಕೆ, ಕೆಲವು ಸಲ ನಿಂತೂ ಬಿಡುತ್ತದೆ.
ಪ್ಲಾಟ್‌ಫಾರಮ್ಮಿನ ತೂಕದ ಯಂತ್ರ
ಮೊದಲೆಲ್ಲ ಬಣ್ಣದ ದೀಪ ಗಿರಗಿರ ತಿರುಗಿಸಿ
ಚೀಟಿ ಉಗುಳುತ್ತಿತ್ತು:
ಒಂದು ಬದಿಗೆ ತೂಕ, ಇನ್ನೊಂದು ಬದಿಗೆ ಭವಿಷ್ಯ.
ಈಗ ಕೆಟ್ಟು ನಿಂತಿದೆ.
ಅದರ ಮೇಲೆ ಯಾರದೋ ಒದ್ದೆ ಕೊಡೆ.
ನಾಣ್ಯ ನನ್ನ ಪರ್ಸಿನಲ್ಲೇ ಇದೆ.

ಮೊನ್ನೆ ಶುಕ್ರವಾರ ಕಾಲಿಡಲು ಜಾಗವಿಲ್ಲ.
ದಾದರಿನಲ್ಲಿ ಹತ್ತಿದ ಹುಡುಗಿಯೊಬ್ಬಳು
ಕಿವಿಗೆ ಹಾಡು ಸಿಕ್ಕಿಸಿಕೊಂಡು
ನನ್ನ ಮುಖವನ್ನೂ ನೋಡದೆ, ಸೊಂಟವನ್ನೂ ನೋಡದೆ
'ಸರ್ಕೋ ನಾ' ಅಂದಳು.

ಸರಿದೆ.
ಅರ್ಧ ಕೂತಳು, ಅರ್ಧ ಗಾಳಿಯಲ್ಲಿ,
ಎಲ್ಲ ನಾಲ್ಕನೆಯವರ ಹಾಗೆ.
ಕುಂದಾ ತಲೆಯೆತ್ತಲಿಲ್ಲ.
ಒಂದು ಮುಷ್ಟಿ ವಾಲು ಅವಳ ಮಡಿಲಿಗೂ ಬಿತ್ತು.
ಹುಡುಗಿ ಹಾಡು ಕಿತ್ತು ಕೈಯಲ್ಲಿ ಹಿಡಿದು
ಇದನ್ನೇನು ಮಾಡುವುದು ಎಂಬಂತೆ ನನ್ನತ್ತ ತಿರುಗಿದಳು.

ಹೆಬ್ಬೆರಳು ತೋರಿಸಿದೆ.