ಎರಡನೇ ಪಟ್ಟಿ

ಬನಹಟ್ಟಿ ದವಾಖಾನಿಗೆ ಕಾಶವ್ವ ಹಟಗಾರ
ನಡಕೊಂತನ ಬಂದಳು, ಸೆರಗ ಬಾಯಿಗಿಟ್ಟು.
ಎದಿನೋವು ಅನ್ನಲಿಲ್ಲ.
'ಪಿತ್ತ ಕೆದರೇತಿ ಸಿಸ್ಟರ್, ಒಂದ ಇಂಜೆಕ್ಷನ್ ಮಾಡ್ರಿ,
ಕಂಡಕಿ ಇನ್ನೂ ಹದಿನಾಕ ಸುತ್ತೋವದಾವು.'

ನಸುಕಿನ್ಯಾಗ ನಾಕಕ್ಕ ಸುರುವಾಗಿತ್ತಂತ.
ಅಜವಾನ ಜಗದಿದ್ದಳು, ಲಿಂಬಿ ಸೋಡಾ ಕುಡದಿದ್ದಳು,
ನೆಗೆಣ್ಣಿ ಬೆನ್ನಿಗೆ ಹರಳೆಣ್ಣಿ ತಿಕ್ಕಿದ್ದಳು.
ಈಗ ಏಳೂವರಿ.
ಮಾಗಿ ಚಳ್ಯಾಗ ಆಕಿ ಕುಬಸ
ಹಿಂಡಿದರ ನೀರ ಬರೂವಂಗ ತೊಯ್ದಿತ್ತು.
ಗದ್ದ ಹಿಡಕೊಂಡಿದ್ದಳು, ಹಲ್ಲುನೋವಿನವರಂಗ.

ಆ ಬೆವರು ನನಗ ಗುರ್ತು.

ಮಲಗಿಸಿದೆ. ತಣ್ಣನ ಜೆಲ್ಲಿ, ಎದಿಮ್ಯಾಲ ಆರು ಬಟ್ಟಲ,
ಕೈಕಾಲಿಗೆ ನಾಕು ಚಿಮಟಿಗಿ.
ಮಿಷನ್ನು ಕರ್ರ್ ಅಂತ ಪಟ್ಟಿ ಬಿಚ್ಚಿತು.
'ಛಲೋನ ಐತೆಲ್ಲ,' ಅಂದ ಮೈದುನ, ಇಣುಕಿ.
ಹೌದು. ಕಣ್ಣಿಗೆ ಹತ್ತೂವಂಥಾದ್ದು ಏನೂ ಇರಲಿಲ್ಲ.

ಹೋದ ಯುಗಾದಿ ಮುಂದ ಭುಜಬಲಿ ಮಾಸ್ತರಂದೂ ಹಿಂಗ ಇತ್ತು.
ಒಂದ ಪಟ್ಟಿ ತಗದು, ಗ್ಯಾಸಿನ ಗುಳಿಗಿ ಕೊಟ್ಟು
ಮನಿಗೆ ಹೋಗ್ರಿ ಅಂದವರಾಗ ನಾನೂ ಒಬ್ಬಾಕಿ.
ಮಾಸ್ತರು ಕೈ ಮುಗದು ಹ್ವಾದರು.
ಸೈಕಲ್ಲು ತೇರದಾಳ ನಾಕಾದ ಹತ್ರ ಸಿಕ್ಕಿತು.

ಅದಕ್ಕ ಕಾಶವ್ವನ ಎದಿಮ್ಯಾಲಿನ ಬಟ್ಟಲ ತಗೀಲಿಲ್ಲ.
ಆಸ್ಪಿರಿನ್ ಬಾಯಾಗಿಟ್ಟೆ: 'ನುಂಗಬ್ಯಾಡ, ಜಗಿ.'
ಮೈದುನ ಕಿಸೆದಾಗಿಂದ ತಮ್ಮಪ್ಪನ ಗುಳಿಗಿ ತಗದ,
ನಾಲಿಗಿ ಕೆಳಗಿಡೋದು. ಕೈ ಅಡ್ಡ ಹಿಡದೆ.
ಬಿಪಿ ಎಂಬತ್ತೆಂಟು; ಇನ್ನೂ ಇಳಸೋದ ಬ್ಯಾಡ.

ಹದಿನೈದು ನಿಮಿಷ. ಗೋಡಿ ಆಚೆ ಮಗ್ಗ, ಖಟಖಟ ಖಟಖಟ.

ಎರಡನೇ ಪಟ್ಟಿ.
ಎರಡು, ಮೂರು, ಎವಿಎಫ್:
ಇಳೀಬೇಕಾದಲ್ಲಿ ಇಳೀಲಿಲ್ಲ ಗೆರಿ,
ಬೆನ್ನ ಉಬ್ಬಿಸಿ ನಿಂತಿತ್ತು,
ಗಂಟ ಬಿದ್ದು ಹಣಿಗ್ಯಾಗ ಸಿಕ್ಕ ಎಳಿಯಂಗ.

ಡಾಕ್ಟರು ಚಾ ಬಿಟ್ಟು ಓಡಿ ಬಂದರು, ಕೇಳೋದೆಲ್ಲಾ ಕೇಳಿದರು:
ರಗತ ಕಾರಿದ್ದೇನು? ಲಕ್ವಾ ಹೊಡದಿತ್ತೇನು?
ತಲಿಗೆ ಪೆಟ್ಟು? ಆಪರೇಷನ್ನು? ತೂಕ ಎಷ್ಟವ್ವಾ?
'ನೂಲಿಂದ ಹೇಳತೀನ್ರಿ. ನಂದು ಯಾರ ತೂಗ್ಯಾರ?'
ಐವತ್ತೆರಡು ಅಂತ ಅಂದಾಜು ಹಿಡದು
ಗಂಟ ಕರಗೂ ಔಷಧ ನರಕ್ಕ ಬಿಟ್ಟರು.

ಬೆಳಗಾವಿಗೆ ಗಾಡಿ ಹೊಂಡೂಮುಂದ
ನನ್ನ ಬೆರಳ ಬಿಡಲಿಲ್ಲ ಆಕಿ.
'ಪಿತ್ತ ಅಲ್ಲೇನ ಹಂಗಾರ?'
ಅಲ್ಲವ್ವಾ.

ಬಟ್ಟಲ ಒರಸಿ ಇಟ್ಟೆ, ಮುಂದಿನವರಿಗೆ.
ಮಾಸ್ತರ ಪಟ್ಟಿ ಇನ್ನೂ ನನ್ನ ಡ್ರಾವರಿನ್ಯಾಗ ಐತಿ.
ಬಿಸಿಗೆ ಮೂಡಿದ ಗೆರಿ,
ಒಂದ ಬ್ಯಾಸಗಿಗೆ ಅರ್ಧ ಮಾಸಿ ಹೋಗೇತಿ.
ಹೆಸರು ಮಾತ್ರ ಪೆನ್ನಿಲೆ ಬರದಿದ್ದೆ,
ಅದೊಂದು ಹೋಗವಲ್ದು.