ಗಾಡಿಗೊಂದು ಗಾದಿ

ಇಪ್ಪತ್ತೆರಡು ವರ್ಷ ಮಂದಿಗೆ ಗಾದಿ ತುಂಬೀವಿ.
ಮದಿವಿ ಗಾದಿ, ಬಾಣಂತಿ ಗಾದಿ,
ಲಕ್ಷ್ಮೇಶ್ವರದ ವಕೀಲರ ಆರಾಮಖುರ್ಚಿ,
ತೀರಿಕೊಂಡವರದನ್ನ ಬಿಚ್ಚಿ, ಬಿಸಲಿಗೆ ಹಾಕಿ
ಮೊಮ್ಮಕ್ಕಳಿಗೆ ಎರಡು ಸಣ್ಣವು.
ನಾವು ಮಲಗೂದು ಮಾತ್ರ ತಗಡಿನ್ಯಾಗ.

ಹಳೇ ಟೆಂಪೊ. ಹಿಂದ ಅರಳಿ ಹಿಂಜೂ ಮಶಿನ್,
ಅದರ ಬಾಜೂಕ ಮೂರು ಫೂಟಿನ ಹಲಿಗಿ,
ಹಲಿಗಿ ಮ್ಯಾಲ ನಾನು, ರಾಜೇಸಾಬ.
ಡಿಸೆಂಬರಿನ್ಯಾಗ ಡಂಬಳದ ಕೆರಿ ದಂಡಿಗೆ ನಿಂತರ
ಕಪ್ಪತಗುಡ್ಡದ ಗಾಳಿ ಅಲ್ಲಿ ಪಂಖಾ ತಿರಿವಿ
ಮಿಕ್ಕಿದ್ದನ್ನ ನಮ್ಮ ಬಾಗಿಲ ಸಂದ್ಯಾಗ ತುರುಕತೈತಿ.
ಮೂರಕ್ಕ ಎಚ್ಚರಾದ್ರ ಗೋಡಿ ಮುಟ್ಟಬಾರದು.

"ಏನಾರ ಮಾಡೂಣು" ಅಂದ್ರು. ಹುಬ್ಬಳ್ಳಿಗೆ ಹೋದ್ವಿ.
ಅಂಗಡಿ ಹುಡುಗ ಅಂಗೈಯಷ್ಟು ಡಬ್ಬಿ ತೋರಿಸಿದ:
ಸಿಗರೇಟ್ ಹಚ್ಚೂ ತೂತಿಗೆ ಚುಚ್ಚಿದ್ರ ಬಿಸಿಗಾಳಿ.
ಎಂಟನೂರು.
ನಾ ಎಲ್ಲಾನೂ ಗಾದಿ ಲೆಕ್ಕದಾಗ ಎಣಸಾಕಿ: ಎರಡು ಗಾದಿ.
ಹಚ್ಚಿ ನೋಡಿದ್ವಿ. ಕುರಿಮರಿ ಮೂಸಿದಷ್ಟು ಬೆಚ್ಚಗ.
"ರಾತ್ರಿಯೆಲ್ಲಾ ಇಟ್ರ?"
"ಮುಂಜಾನೆ ಗಾಡಿ ದೂಡಾಕ ನಾಕ ಮಂದಿ ಬೇಕ್ರಿ, ಅಕ್ಕಾರ."
ಖರೇ ಹೇಳಿದ. ಅವಂಗ ಒಳ್ಳೇದಾಗಲಿ.

ಇನ್ನೊಂದು, ಡೀಸೆಲ್ ಕುಡಿಯೂದು,
ಹೊಗಿ ಹೊರಗ, ಕಾವು ಒಳಗ,
ಬಲ್ಲವರು ಕೂಡಿಸಿದ್ರ ಭಾಳ ಚಲೋ ಅಂತ.
ನಲವತ್ತೈದು ಗಾದಿ.
ಇವರು ಅದರ ಮ್ಯಾಲೊಮ್ಮೆ ಕೈ ಸವರಿ
ಕೆಳಗಿಟ್ರು, ಮಂದಿ ಕೂಸು ತಿರಗಿ ಕೊಟ್ಟಂಗ.

ಗ್ಯಾಸಿನ ಸಣ್ಣ ಸಿಲಿಂಡರಿಗೆ ನಾನ ಬ್ಯಾಡ ಅಂದೆ.
ಮಶಿನ್ ಹಚ್ಚಿದ ದಿನ ಅರಳಿ
ಮೂಗಿನ್ಯಾಗ, ಹುಬ್ಬಿನ್ಯಾಗ, ಚಾದಾಗ.
ಬೀಡಿ ಸೇದಾಕ ಇವರು ಹತ್ತು ಮಾರು ದೂರ ಹೋಗತಾರ,
ಅಂಥಾದರಾಗ ಉರಿ ಇಟಗೊಂಡು ಮಲಗೂದ?

"ಹಂಗಾರ ಅಗ್ಗಿಷ್ಟಗಿ. ಇದ್ಲಿ ಅಗ್ಗ,
ಉರಿ ಇಲ್ಲ, ಹೊಗಿ ಇಲ್ಲ, ಬರೇ ಕೆಂಪಗ ಕುಂತಿರತೈತಿ..."
ಅನ್ನಾಕತ್ತವರು ಅರ್ಧಕ್ಕ ಸುಮ್ಮಾದ್ರು.
ಇವರ ಕಾಕಾನ ಮಗ ಹಜರೇಸಾಬ.
ಹಾವೇರಿ ಕಡೆ, ಮೆಣಸಿನಕಾಯಿ ಲಾರಿ,
ಗ್ಲಾಸ್ ಪೂರಾ ಏರಿಸಿ ಕಾಲಾಗ ಕೆಂಡದ ಬುಟ್ಟಿ.
ಮುಂಜಾನೆ ಮಾರಿ ಮ್ಯಾಲ ನಿದ್ದಿ ಹಂಗ ಇತ್ತಂತ.
ಬುಟ್ಟಿ ಇನ್ನೂ ಬೆಚ್ಚಗಿತ್ತಂತ.

ಅಣ್ಣಿಗೇರಿ ದಾಟೂತನಕ ಇಬ್ಬರೂ ಮಾತಾಡಲಿಲ್ಲ.

ಮರದಿನ ಬೆಟಗೇರ್ಯಾಗ ಒಬ್ಬಾಕಿ ಹೊಸಾ ಗಾದಿ ಒತ್ತಿ ನೋಡಿ
"ಇದು ಬೆಚ್ಚಗ ಇಡತೈತೇನ?" ಅಂದ್ಲು.
ದಬ್ಬಣ ಬಾಯಾಗ ಕಚ್ಚಗೊಂಡು
ದಿನಾ ಅನ್ನೂದನ್ನ ಅಂದೆ:
"ಅರಳಿಗೆ ಸ್ವಂತ ಕಾವಿಲ್ಲವ್ವಾ,
ನಿನ್ನದನ್ನ ಹೋಗಗೊಡೂದಿಲ್ಲ, ಅಷ್ಟ."
ಅಂದು, ದಬ್ಬಣ ತಗದು, ಇವರ ಮಾರಿ ನೋಡಿದೆ.
ಇವರು ನಮ್ಮ ಟೆಂಪೊ ನೋಡಾಕತ್ತಿದ್ರು.

ಮಂದಿ ಬ್ಯಾಡಂತ ಬಿಟ್ಟ ಗಂಟಗಂಟಾದ ಅರಳಿ
ಹಿಂಜಿದ್ವಿ. ದಪ್ಪ ಜೀನ ಬಟ್ಟಿಯೊಳಗ
ಮಾಳಿಗಿಗೊಂದು, ಗೋಡಿಗೆ ಎರಡು, ಬಾಗಿಲಿಗೊಂದು,
ಹಲಿಗಿ ಕೆಳಗ ಗೋಣಿಚೀಲದ ಮ್ಯಾಲ ಗೋಣಿಚೀಲ.
ಬ್ಯಾಟರಿ ವೈರಿನ ಕಡೆ ಗೇಣು ಜಾಗ ಬಿಟ್ಟು.
ಮುಂಜಾನೆ ಬಿಚ್ಚಿ ಒಣಗಸಾಕ ಕೊಂಡಿ.
ದಾರ, ಕೊಂಡಿ ಸೇರಿ ಅರ್ಧ ಗಾದಿ ಖರ್ಚು.
ಸ್ಟೋ ಹೊರಗ ಕಲ್ಲಿನ ಮ್ಯಾಲ, ಒಳಗ ಕಡ್ಡಿಪೆಟ್ಟಿಗಿನೂ ಇಲ್ಲ.
ಖಾನಾವಳಿ ಬಂದ್ ಮಾಡೂ ಹೊತ್ತಿಗೆ
ಅವರ ಹಂಡೆದಾಗಿನ ಬಿಸಿನೀರು ಸ್ಟೀಲ್ ಬಾಟಲಿಗೆ,
ಬಾಟಲಿಗೆ ಇವರ ಹರಕ ಸಾಕ್ಸು,
ಕಾಲಬುಡಕ. ಪುಕ್ಕಟ.

ಮುಂಡರಗಿ ಹತ್ತಿರ ಲಾರಿಯವನೊಬ್ಬ ಇಣಿಕಿ ನೋಡಿ
"ಏನಕ್ಕಾ, ಗಾಡಿ ಒಳಮುಖ ಬಸರಾಗೇತಿ" ಅಂತ ನಕ್ಕ.
ನಗಲಿ. ಬೇಕಂದ್ರ ಅವನ ಕ್ಯಾಬಿನ್ನಿಗೂ ತುಂಬಿ ಕೊಡತೀವಿ.

ಮೂರಕ್ಕ ಈಗೂ ಎಚ್ಚರಾಗತೈತಿ.
ಇವರ ಕಾಲು ಇನ್ನೂ ಥಣ್ಣಗ, ನನ್ನ ಮೀನಖಂಡಕ್ಕ ಒತ್ತತಾರ.
ಎರಡೂ ಕಡೆ ಕಿಟಕಿ ಬೆರಳಷ್ಟು ತೆರದ ಇಡತೀವಿ,
ಅದರಾಗಿಂದ ಚಳಿ ಎಳಿ ಎಳಿ ಬರತೈತಿ.
ಇವರು ಕತ್ತಲದಾಗ ಎದ್ದು
ಆ ಸಂದ್ಯಾಗ ಬೆರಳಿಟ್ಟು
ಇನ್ನೂ ತೆರದೈತೇನು ಅಂತ ನೋಡಿ
ಮತ್ತ ಮಲಗತಾರ.