ಬದನಿಕಾಯಿ ಬಣ್ಣದ ಬಸ್ಸು

ಡ್ಯೂಟಿ ಮುಗಿಸಿ ಮನಿಗೆ ಬಂದ್ರೂ
ನನ್ನ ಬೆರಳಿಗೆ ಎಣಿಸೂ ಚಟ ಹೋಗಿರೂದಿಲ್ಲ.
ಮೆಟ್ಟಲಾ ಎಣಸ್ತಾವ, ರೊಟ್ಟಿ ಎಣಸ್ತಾವ,
ಮಲಗಿದ ಮ್ಯಾಲ ಫ್ಯಾನಿನ ಸುತ್ತು ಎಣಸ್ತಾವ.
ಜಮಖಂಡಿ, ಮುಧೋಳ, ಲೋಕಾಪುರ, ಕಲಾದಗಿ, ಬಾಗಲಕೋಟಿ,
ದಿನಕ್ಕ ಎರಡು ಸಲ ಹೋಗಿ ಎರಡು ಸಲ ಬಂದು
"ಒಳಗ ಸರೀರಿ, ಒಳಗ ಸರೀರಿ" ಅಂದ ಗಂಟಲಾ
ಮಗಳ ಹೆಸರು ಕರಿಯೂ ಹೊತ್ತಿಗೆ
ಬಾಗಲಾ ಬಡದಂಗ ಕೇಳತೈತಿ.

ಶ್ರಾವಣಿ, ಒಂದನೇತ್ತಾ.
ನೆಲದ ಮ್ಯಾಲ ಬೋರಲ ಬಿದ್ದು
ಬಸ್ಸಿಗೆ ಬದನಿಕಾಯಿ ಬಣ್ಣಾ ಹಚ್ಚಾಕತ್ತಿದ್ಲು.
"ಇಂಥಾ ಬಸ್ಸು ನಮ್ಮ ಡಿಪೋದಾಗ ಇಲ್ಲಲ್ಲ ಬೇ?"
"ಅದಕ್ಕ ಹಚ್ಚಾಕತ್ತೀನಿ."

ಗೆರಿ ದಾಟಬ್ಯಾಡ, ಅಂದೆ.
ಐದನೇತ್ತಾದಾಗ ನಾ ತಗದ ನವಿಲಿಗೆ
ಹತ್ತಕ್ಕ ಮೂರು ಕೊಟ್ಟಿದ್ರು ಮಾಸ್ತರು.
ಬಾಲಾ ಹಾಳಿ ದಾಟಿ
ಬೆಂಚಿನ ಮ್ಯಾಲ ಹೋಗಿ ಮುಗದಿತ್ತು.
ಉಳಿದ ಏಳು ಮಾರ್ಕು
ಫೂಟುಪಟ್ಟಿಲೇ ಬೆರಳ ಗಣ್ಣಿಗೆ ಬಿದ್ದವು.

ಆಕಿ ಕತ್ತೆತ್ತಲಿಲ್ಲ.
"ಬಸ್ಸು ಓಡಾಕತ್ತೈತಿ ಯವ್ವಾ, ಬಣ್ಣಾ ಹಿಂದ ಉಳೀತೈತಿ.
ನೀ ಟೈರಿಗೆ ಹಚ್ಚು."
ಸಿಪ್ಪಿ ಹರದ ಕರೇ ಮೇಣದ ತುಂಡು ಕೊಟ್ಲು.

ಮೊದಲನೇ ಟೈರು ಡ್ಯೂಟಿ ಮಾಡಿದಂಗ ಮಾಡಿದೆ.
ಎರಡನೇದು ಹೊಳ್ಳಿ ಹೊಳ್ಳಿ ತಿರುವಿದೆ,
ಬೀಸೂ ಕಲ್ಲಿನ್ಹಂಗ, ನಿಧಾನ.
ಮೂರನೇದು ಬಸ್ಸಿಗೆ ಬೇಕಾಗಿರಲಿಲ್ಲ,
ಸುಮ್ನ ತಗದೆ.
ಅಷ್ಟೊತ್ತೂ ಬೆರಳು ಏನೂ ಎಣಸಿಲ್ಲ
ಅಂತ ಗೊತ್ತಾಗಿದ್ದು
ಹಾಲು ಉಕ್ಕಿ ಕಟ್ಟಿ ತುಂಬ ಹರದಾಗ.

ಮರುದಿನ ಚಿಲ್ಲರ ಚೀಲದಾಗ ಕೈ ಹಾಕಿದ್ರ
ಎರಡರದು, ಐದರದು, ಬದನಿಕಾಯಿ ಬಣ್ಣದ ತುಂಡು.
ತಪ್ಪಿ ಬಿದ್ದಿತ್ತೋ, ಆಕಿನ ಹಾಕಿದ್ಲೋ.

ಲೋಕಾಪುರ ದಾಟಿದ ಮ್ಯಾಲ ಒಬ್ಬ ಹುಡುಗ ಅಳಾಕ ಹತ್ತಿದ,
ಕಿವಿನೋವು.
ಅವರವ್ವನ ಕಡೆ ಬಿಸ್ಕೀಟು, ಬೈಗಳಾ
ಎರಡೂ ತೀರಿದ್ದವು.
ಆಕಿ ಸೊನ್ನಿ ರೂಪಾಯಿ ಟಿಕೆಟ್ಟಿನ ಬೆನ್ನಿಗೆ
ಒಂದು ಸೊನ್ನಿ ತಗದು ತುಂಡು ಕೈಯಾಗ ಕೊಟ್ಟೆ.
ಹುಡುಗ ಸೊನ್ನಿಗೆ ಬಾಲಾ ಬರದ. ಕಿವಿ ಬರದ,
ಒಂದು ಕಿವಿ ಇನ್ನೊಂದಕ್ಕಿಂತ ಭಾಳ ದೊಡ್ಡದು.
ಅಳೂದು ನಿಂತಿತು ಅಂತ ಸುಳ್ಳ ಹೇಳೂದಿಲ್ಲ,
ಸಣ್ಣದಾತು,
ಎದ್ದು ಹಿಂದಿನ ಸೀಟಿಗೆ ಹೋಗಿ ಕೂತಂಗ.

ಬಾಜೂಕ ಸಕ್ರಿ ಫ್ಯಾಕ್ಟರಿಯಾಂವ ಒಬ್ಬ,
ಎಕ್ಸರೇ ಕವರು ತೊಡಿ ಮ್ಯಾಲ ಇಟಗೊಂಡು
ಬಾಗಲಕೋಟಿ ದವಾಖಾನಿಗೆ ಹೊಂಟಿದ್ದ.
ಮುಧೋಳದಾಗ ಹತ್ತಿದಾಗಿಂದ ತುಟಿ ಬಿಚ್ಚಿರಲಿಲ್ಲ.
"ಬಾಯಾರ, ನನಗೊಂದು ಕಾಗದ ಸಿಗತೈತೇನ್ರಿ?"
ಮೆಷಿನ್ನಿನ ರೋಲಿನ ತುದಿ ಹರದು ಕೊಟ್ಟೆ.
ಹುಡುಗನ ಕಡಿಂದ ತುಂಡು ಕಡಾ ಇಸಗೊಂಡು
ಅಂವ ಎತ್ತು ತಗದ.
ರಸ್ತೆದ ತಗ್ಗಿಗೆ ಕಾಲು ಐದಾದವು.
"ನಾಕನೇತ್ತಾದಾಗ ಬಿಟ್ಟಿದ್ದೆ" ಅಂದ,
ಬೀಡಿ ಬಿಟ್ಟವರು ಹೇಳೂ ದನಿಯೊಳಗ.
ಐದನೇ ಕಾಲು ನನಗ ಬೇಕು, ಅಂದ ಹುಡುಗ.
ಅಲ್ಲೇ ಹರದು ಕೊಟ್ಟ.

ಎಕ್ಸರೇದಾಗ ಏನಿತ್ತೋ ನನಗ ಗೊತ್ತಿಲ್ಲ.
ಎತ್ತು ತಗದ್ರ ಎಲುವು ಕೂಡೂದಿಲ್ಲ.
ಆದ್ರ ಮುಧೋಳದಿಂದ ಲೋಕಾಪುರ ಬರೂದರಾಗ
ಆ ಕವರು ಬಿಚ್ಚಿ ಬಿಚ್ಚಿ ಹನ್ನೊಂದು ಸಲ ನೋಡಿದ್ದ,
ನಾ ಎಣಿಸಿದ್ದೆ.
ಕಲಾದಗಿಯಿಂದ ನವನಗರತನಕಾ
ಒಂದು ಸಲಾನೂ ಬಿಚ್ಚಲಿಲ್ಲ.
ಅಥವಾ ನಾ ಎಣಸೂದು ಮರತಿದ್ನೇನೋ.

ತುಂಡು ಹುಡುಗನ ಜೋಡಿ ಇಳದು ಹೋತು.
ಶ್ರಾವಣಿಗೆ ಏನ ಹೇಳಲಿ ಅನಕೋತ
ಡಿಪೋದಾಗ ಹಿಸಾಬು ಕೊಡಾಕ ನಿಂತೆ.
ಐದರ ನಾಣ್ಯಾ ಒಂದಕ್ಕ ಬಣ್ಣಾ ಹತ್ತಿತ್ತು.
ಕ್ಯಾಷಿಯರ್ ಬೆಳಕಿಗೆ ಹಿಡದ,
ಖೊಟ್ಟಿ ಐತೇನೋ ಅಂತ ಉಗುರಿಲೆ ಕೆರದ.

ನಡೀತೈತ್ರಿ,
ಅಂದೆ.